ಒಬ್ಬರ ಕಣ್ಣಿಗೆ ಬೀಳದ ಅಸಮಾನತೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಉಪನ್ಯಾಸ ಎಂದರೆ ಸಾಮಾನ್ಯವಾಗಿ ಒಬ್ಬ ಕವಿಯೋ ಒಂದು ಕೃತಿಯೋ ವಿಷಯವಾಗಿರುತ್ತದೆ. ಈ ದತ್ತಿ ಇಟ್ಟವರು ಮಾತ್ರ ಅಧ್ಯಾಪಕ ವೃತ್ತಿಗೆ ಸಂಬಂಧಪಟ್ಟಿರಲಿ ಎಂದಷ್ಟೇ ಕೇಳಿದ್ದಾರೆ. ಆ ಸಲಿಗೆಯಲ್ಲಿ ನಾನು ಸ್ಟಾಫ್ ರೂಮಿನ ವಿಷಯವನ್ನೇ ಎತ್ತಿಕೊಂಡಿದ್ದೇನೆ. ತರಗತಿಯಲ್ಲಿ ಸಮಾನತೆಯ ಪಾಠ ಮಾಡಿ, ಕೈಗಂಟಿದ ಸೀಮೆಸುಣ್ಣ ಕೊಡವಿಕೊಂಡು ಬಂದು ಕೂರುತ್ತೇವಲ್ಲ, ಆ ಕೋಣೆಯಲ್ಲಿ ಏನು ನಡೆಯುತ್ತದೆ? ಅದನ್ನು ನೋಡುವುದನ್ನು ಮೇಷ್ಟರುಗಳಿಗೆ ಯಾರಾದರೂ ಕಲಿಸಬಲ್ಲರೇ?

ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಆಂತರಿಕ ಸಮಿತಿ ಇದೆ. ಜಾತಿ ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ನನ್ನ ಮಾತು ಇವೆರಡರ ಬಲೆಗೂ ಸಿಗದ ಸಣ್ಣ ಸಣ್ಣ ಸಂಗತಿಗಳ ಬಗ್ಗೆ. ದೂರು ಬರೆಯಲು ಕೂತರೆ ಎರಡನೆಯ ಸಾಲಿಗೇ ಬರೆಯುವವರಿಗೆ ನಾಚಿಕೆ ಆಗುವಂಥವು. ‘ಅಯ್ಯೋ ಬಿಡಿ ಮೇಡಂ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ತೀರಾ’ ಎಂದು ಹಿತೈಷಿಗಳೇ ಹೇಳುವಂಥವು.

ಒಂದು ನಿಜ ಪ್ರಸಂಗದಿಂದ ಶುರು ಮಾಡುತ್ತೇನೆ. ನ್ಯಾನ್ಸಿ ಹಾಪ್ಕಿನ್ಸ್ ಎಂಬ ಜೀವವಿಜ್ಞಾನಿ 1973ರಲ್ಲಿ ಅಮೆರಿಕದ ಎಂಐಟಿ ಸೇರಿದರು. ಸುಮಾರು ಇಪ್ಪತ್ತು ವರ್ಷದ ನಂತರ, ಪೂರ್ಣ ಪ್ರಾಧ್ಯಾಪಕಿಯಾಗಿದ್ದಾಗ, ಜೀಬ್ರಾ ಮೀನುಗಳ ಮೇಲೆ ಸಂಶೋಧನೆ ನಡೆಸಲು ಹೊರಟರು. ತೊಟ್ಟಿಗಳನ್ನಿಡಲು ಇನ್ನಷ್ಟು ಜಾಗ ಬೇಕಿತ್ತು. ಕೇಳಿದರು, ಸಿಗಲಿಲ್ಲ. ನಿಮಗೆ ಬೇರೆಯವರಿಗಿಂತ ಕಡಿಮೆಯೇನಿಲ್ಲ ಎಂಬ ಉತ್ತರ ಬಂತು. ಹಾಪ್ಕಿನ್ಸ್ ವಾದಕ್ಕೆ ಇಳಿಯಲಿಲ್ಲ. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೆ ಅಳತೆ ಟೇಪು ಹಿಡಿದು ಕಟ್ಟಡದ ಪ್ರಯೋಗಾಲಯಗಳನ್ನು ಒಂದೊಂದಾಗಿ ಅಳೆದರು. ಅವರಿಗಿದ್ದದ್ದು 1500 ಚದರಡಿ. ಅದೇ ದರ್ಜೆಯ ಗಂಡಸರಿಗೆ ಸರಾಸರಿ 3000. ನಿನ್ನೆ ಮೊನ್ನೆ ಸೇರಿದ ಕಿರಿಯರಿಗೂ ಅವರಿಗಿಂತ ಹೆಚ್ಚು.

ಟೇಪಿನ ಕಥೆ ಪ್ರಸಿದ್ಧ, ನಿಮ್ಮಲ್ಲಿ ಕೆಲವರು ಕೇಳಿರಬಹುದು. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಹಾಪ್ಕಿನ್ಸ್ ಸಂಸ್ಥೆಯ ಅಧ್ಯಕ್ಷರಿಗೆ ಒಂದು ಪತ್ರ ಬರೆದರು. ಕಳಿಸುವ ಮೊದಲು, ಮಾತು ಖಾರವಾಯಿತೇನೋ ನೋಡಿ ಎಂದು ಮೇರಿ-ಲೂ ಪಾರ್ಡ್ಯೂ ಎಂಬ ಸಹೋದ್ಯೋಗಿಯ ಕೈಗೆ ಕೊಟ್ಟರು. ಪಾರ್ಡ್ಯೂ ದೊಡ್ಡ ವಿಜ್ಞಾನಿ, ಮಿತಭಾಷಿ. ಪತ್ರವನ್ನು ಕೊನೆಯವರೆಗೆ ಓದಿ, ತಾನೂ ಇದಕ್ಕೆ ಸಹಿ ಹಾಕುತ್ತೇನೆ ಎಂದರು. ಅಲ್ಲಿಯವರೆಗೆ ಇಬ್ಬರೂ ಇದು ತನ್ನೊಬ್ಬಳ ಹಣೆಬರಹ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದರು. ಒಂದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದರೂ ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆಮೇಲೆ ವಿಜ್ಞಾನ ನಿಕಾಯದಲ್ಲಿ ಖಾಯಂ ಹುದ್ದೆಯ ಹೆಂಗಸರು ಎಷ್ಟಿದ್ದಾರೆ ಎಂದು ಎಣಿಸಿದರೆ ಸಿಕ್ಕವರು ಬರೀ 15. ಗಂಡಸರು ಹತ್ತಿರ ಹತ್ತಿರ 200. ಮಾತಾಡಿಸಿದ ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರ ಅನುಭವವೂ ಒಂದೇ ಆಗಿತ್ತು. ಡೀನ್ ರಾಬರ್ಟ್ ಬರ್ಜಿನೋ ಸಮಿತಿ ನೇಮಿಸಿದರು. ಸಂಬಳ, ಜಾಗ, ಸಮಿತಿ, ಪ್ರಶಸ್ತಿ ಎಲ್ಲದರ ಲೆಕ್ಕ ಹಾಕಿದರು. 1999ರಲ್ಲಿ ವರದಿ ಹೊರಬಿದ್ದಾಗ, ಇಂಥ ತಾರತಮ್ಯ ಒಂದಷ್ಟು ನಿಜ, ಒಂದಷ್ಟು ಭಾವನೆ ಎಂದು ತಾನು ತಿಳಿದಿದ್ದೆ, ಈಗ ನೋಡಿದರೆ ನಿಜದ ಪಾಲೇ ಬಹಳ ದೊಡ್ಡದು ಎಂಬರ್ಥದ ಮಾತನ್ನು ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಬರೆದು ಸಹಿ ಹಾಕಿದರು.

ಆ ವರದಿಯ ಇನ್ನೊಂದು ಸಂಗತಿಯನ್ನು ಇಲ್ಲಿ ಕೂತಿರುವ ಕಿರಿಯ ಅಧ್ಯಾಪಕಿಯರು ಗಮನಿಸಬೇಕು. ಹೊಸದಾಗಿ ಸೇರಿದ ಹೆಂಗಸರು ತಮಗೆ ಯಾವ ತೊಂದರೆಯೂ ಇಲ್ಲ, ಅದೆಲ್ಲ ಹಿಂದಿನವರ ಕಾಲಕ್ಕೇ ಮುಗಿಯಿತು ಎಂದಿದ್ದರು. ಹಿರಿಯರನ್ನು ಕೇಳಿದರೆ, ತಾವು ಸೇರಿದಾಗ ತಮಗೂ ಹಾಗೇ ಅನ್ನಿಸಿತ್ತು ಎಂದರು. ಮೇಲೇರಿದಂತೆ, ತೀರ್ಮಾನ ಆಗುವ ಕೋಣೆಗಳಿಂದ ತಾವು ಹೇಗೋ ಹೊರಗೇ ಉಳಿದದ್ದು ಕಾಣಿಸತೊಡಗಿತ್ತು. ಅಂದರೆ ಪ್ರತಿ ತಲೆಮಾರೂ ಇದನ್ನು ಹೊಸದಾಗಿ, ಒಂಟಿಯಾಗಿ, ತಡವಾಗಿ ಕಂಡುಕೊಳ್ಳುತ್ತದೆ. ತರಬೇತಿ ಎಂಬುದೇನಾದರೂ ಇದ್ದರೆ ಅದು ತಪ್ಪಿಸಬೇಕಾದದ್ದು ಈ ಮೂರನ್ನು.

ತಾರತಮ್ಯಕ್ಕೆ ಹೆಸರಿಟ್ಟ ಮಾತ್ರಕ್ಕೆ ಇದು ಆಗುವುದಿಲ್ಲ ಎಂಬುದಕ್ಕೂ ಎಂಐಟಿಯೇ ಸಾಕ್ಷಿ. ಹಾಪ್ಕಿನ್ಸ್ ಸೇರಿದ ಅದೇ 1973ರಲ್ಲಿ ಮೇರಿ ರೋ ಎಂಬ ಅರ್ಥಶಾಸ್ತ್ರಜ್ಞೆ ಅಲ್ಲಿಗೆ ಬಂದರು. ಕೆಲಸಕ್ಕಿರುವ ಹೆಂಗಸರ ದೂರು ದುಮ್ಮಾನ ಕೇಳುವುದು ಅವರ ಹೊಣೆ. ಕೇಳಿದ್ದನ್ನೆಲ್ಲ ಗುಡ್ಡೆ ಹಾಕಿ ನೋಡಿ ಇವುಗಳನ್ನು ಸೂಕ್ಷ್ಮ ಅಸಮಾನತೆಗಳು ಎಂದು ಕರೆದರು. ಶನಿಗ್ರಹದ ಬಳೆಗಳ ಹಾಗೆ ಎಂದರು: ಬಿಡಿಯಾಗಿ ನೋಡಿದರೆ ಮಂಜಿನ ಚೂರು, ದೂಳು, ಒಟ್ಟಾಗಿ ಕೋಟ್ಯಂತರ ಮೈಲಿ ಆಚೆಯಿಂದಲೂ ಕಾಣುತ್ತದೆ. ಅಷ್ಟು ಚೆನ್ನಾಗಿ ಹೇಳಿದವರು ಅದೇ ಕ್ಯಾಂಪಸ್ಸಿನಲ್ಲಿದ್ದೂ, ಇಪ್ಪತ್ತು ವರ್ಷದ ನಂತರ ಒಬ್ಬ ಪ್ರಾಧ್ಯಾಪಕಿ ರಾತ್ರಿ ಹೊತ್ತು ಟೇಪು ಹಿಡಿಯಬೇಕಾಯಿತು.

ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1933ರಲ್ಲಿ ಕಮಲಾ ಸೊಹೊನಿಯವರಿಗೆ ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದ್ದು, ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬಾಗಿಲು ಹಾಕಿದ್ದು ಕಣ್ಣಿಗೆ ಕಂಡಿತು, ಆಕೆ ಜಗಳ ಆಡಿದರು, ಗೆದ್ದರು. ಅನ್ನಾ ಮಣಿಯವರದ್ದು ಬೇರೆ ಥರ. 1940ರಲ್ಲಿ ರಾಮನ್ ಪ್ರಯೋಗಾಲಯ ಸೇರಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿ ಐದು ಪ್ರಬಂಧ ಪ್ರಕಟಿಸಿದರು, ಮಹಾಪ್ರಬಂಧವನ್ನೂ ಬರೆದರು. ಎಂಎಸ್ಸಿ ಇಲ್ಲ ಎಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಸಂಶೋಧನೆಗೆ ಸೇರಲು ಸಾಕಾಗಿದ್ದ ಆನರ್ಸ್ ಪದವಿ, ಪದವಿ ಕೊಡುವ ಹೊತ್ತಿಗೆ ಸಾಲದಾಯಿತು. ಇಲ್ಲಿ ಬಾಗಿಲು ಹಾಕಿದವರು ಯಾರು? ಯಾರೂ ಅಲ್ಲ, ನಿಯಮ. ಬೈಯಲು ಒಂದು ಮುಖವೂ ಸಿಗುವುದಿಲ್ಲ. ಇಂದಿನ ತಾರತಮ್ಯ ಹೆಚ್ಚಾಗಿ ಈ ಎರಡನೆಯ ಜಾತಿಯದ್ದು.

ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ದಿನ ಯಾವುದಾದರೂ ಕಾಲೇಜಿಗೆ ಹೋಗಿ ನೋಡಿ. ರಂಗೋಲಿ, ಆರತಿ ತಟ್ಟೆ, ಪ್ರಾರ್ಥನೆ, ಊಟದ ಉಸ್ತುವಾರಿ ‘ಮೇಡಂ’ಗಳದ್ದು. ಎಲ್ಲರೂ ಒಂದೇ ಬಣ್ಣದ ರೇಷ್ಮೆ ಸೀರೆ ಉಟ್ಟು ಬನ್ನಿ ಎಂಬ ಬಾಯಿಮಾತಿನ ಸೂಚನೆ ಬೇರೆ. ಪ್ರಾಂಶುಪಾಲರ ಪಕ್ಕ ನಿಂತು ಪಿಪಿಟಿ ತೋರಿಸುವವರು ‘ಸರ್’ಗಳು. ಆ ಪಿಪಿಟಿಗೆ ತಿಂಗಳುಗಟ್ಟಲೆ ಅಂಕಿಅಂಶ ಕಲೆಹಾಕಿ, ಒಂದೊಂದು ಕ್ರೈಟೀರಿಯನ್ನಿನ ಫೈಲನ್ನೂ ಹೊಂದಿಸಿ, ಸ್ಕ್ಯಾನ್ ಮಾಡಿ ಏರಿಸಿದವರು ಯಾರು ಎಂದು ವಿಚಾರಿಸಿ. ಯಾರೂ ಯಾರನ್ನೂ ಬಲವಂತ ಮಾಡಿರುವುದಿಲ್ಲ. ಅಧ್ಯಯನ ಮಂಡಳಿಯ ಸಭೆಯಲ್ಲಿ ಒಬ್ಬ ಸದಸ್ಯೆ ಒಂದು ಪತ್ರಿಕೆಯನ್ನು ಹೀಗೆ ಬದಲಿಸೋಣ ಎನ್ನುತ್ತಾರೆ, ಯಾರೂ ಹೂಂ ಅನ್ನುವುದಿಲ್ಲ. ಸ್ವಲ್ಪ ಹೊತ್ತಿನ ನಂತರ ಅದೇ ಮಾತು ಒಬ್ಬ ಹಿರಿಯರ ಬಾಯಲ್ಲಿ ಬರುತ್ತದೆ. ‘ಒಳ್ಳೆ ಸಲಹೆ ಸಾರ್’ ಎಂದು ಅಧ್ಯಕ್ಷರು ಮೆಚ್ಚಿ, ‘ಮೇಡಂ, ಮಿನಿಟ್ಸ್‌ನಲ್ಲಿ ಬರ್ಕೊಳ್ಳಿ’ ಎನ್ನುತ್ತಾರೆ. ಮೇಡಂ ಬರೆದುಕೊಳ್ಳುತ್ತಾರೆ, ಆ ಹಿರಿಯರ ಹೆಸರಿನಲ್ಲೇ.

ಅಮೆರಿಕದಲ್ಲಿ ಈ ಚರ್ಚೆ ಲಿಂಗ, ಜನಾಂಗಗಳ ಸುತ್ತ ನಡೆಯುತ್ತದೆ. ನಮ್ಮಲ್ಲಿ ಜಾತಿಯನ್ನು ಬಿಟ್ಟು ಮಾತಾಡಿದರೆ ಅದು ಅರ್ಧ ಮಾತೂ ಅಲ್ಲ. ಹೊಸದಾಗಿ ಬಂದವರನ್ನು ನಾವು ಜಾತಿ ಕೇಳುವುದಿಲ್ಲ, ಅಷ್ಟು ಅಸಭ್ಯರಲ್ಲ. ಯಾವೂರು ಎನ್ನುತ್ತೇವೆ, ಊರಲ್ಲಿ ಮನೆ ಎಲ್ಲಿ ಎನ್ನುತ್ತೇವೆ, ಕೊನೆಗೆ, ಮನೆದೇವರು ಯಾವುದು ಎನ್ನುತ್ತೇವೆ. ಮೂರನೆಯ ಪ್ರಶ್ನೆಗೆ ಉತ್ತರ ಬಂದ ಮೇಲೆ ಕೇಳುವವರ ದನಿಯಲ್ಲಿ ಸಲಿಗೆ ಒಂದೋ ಏರುತ್ತದೆ, ಇಲ್ಲವೇ ಇಳಿಯುತ್ತದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಯಾವ ಮೇಜಿಗೆ ಯಾರು ಹೋಗುತ್ತಾರೆ ನೋಡಿ, ಜಾತಿ ಗಣತಿಯವರು ಬರಬೇಕಾಗಿಲ್ಲ. ಹದಿನೈದು ವರ್ಷ ಪಾಠ ಮಾಡಿ, ಪುಸ್ತಕ ಬರೆದು, ಗೈಡ್ ಆಗಿರುವವರನ್ನು ಕೂಡ ‘ಅವರಾ, ಬ್ಯಾಕ್‌ಲಾಗ್‌ನಲ್ಲಿ ಬಂದವರು’ ಎಂದು ಪರಿಚಯಿಸುವುದು ನಿಂತಿಲ್ಲ. 2007ರಲ್ಲಿ ಸುಖದೇವ್ ಥೋರಟ್ ಸಮಿತಿ ದೆಹಲಿಯ ಏಮ್ಸ್ ಬಗ್ಗೆ ಕೊಟ್ಟ ವರದಿಯಲ್ಲೂ ವೈವಾದಲ್ಲಿ ಜಾತಿ ಕೆದಕುವುದು, ಉಪೇಕ್ಷೆ, ದೂರ ಇಡುವುದು ಇಂಥವೇ ಇದ್ದವು. ಅದರ ನಂತರ 2012ರಲ್ಲಿ ಯುಜಿಸಿ ಸಮತೆಯ ನಿಯಮಾವಳಿ ತಂದು, ಪ್ರತಿ ಸಂಸ್ಥೆಯಲ್ಲಿ ಸಮಾನ ಅವಕಾಶ ಕೋಶ ಇರಬೇಕೆಂದಿತು. ಬಹಳ ಕಡೆ ಆ ಕೋಶ ಎಂದರೆ ಬಾಗಿಲ ಮೇಲಿನ ಒಂದು ಬೋರ್ಡು.

ಇನ್ನು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಜನ ಇದ್ದಾರೆ. ಅವರ ಸಂಬಳದ, ಖಾಯಮಾತಿಯ ಹೋರಾಟ ಬೇರೆಯದೇ ದೊಡ್ಡ ವಿಷಯ, ಅದನ್ನು ಇಲ್ಲಿ ಮುಟ್ಟುವುದಿಲ್ಲ. ಆದರೆ ಅವರ ಹೆಸರು ವಿಭಾಗದ ಫಲಕದಲ್ಲಿ ಯಾಕಿಲ್ಲ, ಸ್ಟಾಫ್ ಮೀಟಿಂಗಿನಲ್ಲಿ ಅವರಿಗೆ ಬಾಗಿಲ ಬಳಿಯ ಕುರ್ಚಿಯೇ ಯಾಕೆ, ವರ್ಷಗಟ್ಟಲೆ ಜೊತೆಗಿದ್ದರೂ ‘ಗೆಸ್ಟ್ ಅಲ್ವಾ’ ಎಂದು ಮಾತು ಮುಗಿಸುವುದು ಯಾಕೆ? ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

ಈಗ ತರಬೇತಿಯ ವಿಷಯ. ನಮಗೆಲ್ಲ ಗೊತ್ತಿರುವ ತರಬೇತಿ ಎಂದರೆ ಓರಿಯೆಂಟೇಶನ್, ರಿಫ್ರೆಶರ್. ಬಡ್ತಿಗೆ ಸರ್ಟಿಫಿಕೇಟ್ ಬೇಕು, ಅದಕ್ಕೆ ಹೋಗುತ್ತೇವೆ. ಅದರಲ್ಲಿ ಒಂದು ಮಧ್ಯಾಹ್ನ, ಊಟವಾದ ಮೇಲೆ, ‘ಲಿಂಗ ಸಂವೇದನೆ’ ಎಂಬ ಒಂದು ಗಂಟೆ. ಹೊರಗಿನಿಂದ ಒಬ್ಬರು ಬಂದು ವೇದಗಳ ಕಾಲದಿಂದ ಸ್ತ್ರೀಯ ಸ್ಥಾನಮಾನ ವಿವರಿಸುತ್ತಾರೆ. ಅಲ್ಲಿ ಕೂತವರು ಮೂವತ್ತು ಬೇರೆ ಬೇರೆ ಕಾಲೇಜಿನವರು. ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಪ್ರತಿಯೊಬ್ಬರೂ ಒಂಟಿ. ಸಭೆಯಲ್ಲಿ ಏನೋ ನಡೆಯಿತು ಎಂದು ಕಂಡರೂ, ಕಂಡದ್ದನ್ನು ಇನ್ನೊಬ್ಬರ ಮುಖ ನೋಡಿ ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲ.

ಕಡ್ಡಾಯ ತರಬೇತಿಯಿಂದ ಲಾಭವಿಲ್ಲ, ಕೆಲವೊಮ್ಮೆ ನಷ್ಟವೇ ಎಂದು ತೋರಿಸಿದವರು ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಲೆವ್ ಎಂಬ ಸಮಾಜಶಾಸ್ತ್ರಜ್ಞರು. ಅವರು ನೋಡಿದ್ದು ಅಮೆರಿಕದ ನೂರಾರು ಕಂಪನಿಗಳ ಮೂರು ದಶಕದ ಲೆಕ್ಕ. ಜನರನ್ನು ಕೂಡಿಹಾಕಿ ನೀವು ಪಕ್ಷಪಾತಿಗಳು ಎಂದರೆ ಅವರು ಮುನಿಸಿಕೊಳ್ಳುತ್ತಾರೆ, ಅಷ್ಟೇ. ಮೇಷ್ಟರುಗಳ ಮುನಿಸು ಇನ್ನೂ ಒಂದು ಕೈ ಮೇಲು, ಯಾಕೆಂದರೆ ನಿಷ್ಪಕ್ಷಪಾತ ನಮ್ಮ ವೃತ್ತಿಯ ಹೆಮ್ಮೆ. ಆ ಹೆಮ್ಮೆಯನ್ನು 2012ರಲ್ಲಿ ಕೊರಿನ್ ಮಾಸ್-ರಾಕುಸಿನ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಯ ಒಂದೇ ಅರ್ಜಿ ಹೋಯಿತು. ಅರ್ಧ ಜನರ ಕೈಗೆ ಹೋದದ್ದರಲ್ಲಿ ಹೆಸರು ಜಾನ್, ಉಳಿದರ್ಧಕ್ಕೆ ಜೆನಿಫರ್. ಜಾನ್‌ಗೆ ಕೊಡಬಹುದೆಂದ ಸಂಬಳ ವರ್ಷಕ್ಕೆ ಸರಾಸರಿ 30,238 ಡಾಲರ್, ಜೆನಿಫರ್‌ಗೆ 26,508. ಹೀಗೆ ಕಡಿಮೆ ಅಂದಾಜಿಸುವುದರಲ್ಲಿ ಹೆಂಗಸು ಪ್ರಾಧ್ಯಾಪಕರು ಗಂಡಸರಿಗಿಂತ ಹಿಂದೆ ಬೀಳಲಿಲ್ಲ. ಆದ್ದರಿಂದ ಈ ತರಬೇತಿ ಗಂಡಸರಿಗೆ ಮಾತ್ರ ಎಂದು ಅಧ್ಯಾಪಕಿಯರು ಎದ್ದು ಹೋಗುವ ಹಾಗಿಲ್ಲ.

ಹಾಗಾದರೆ ಏನು ಫಲ ಕೊಡುತ್ತದೆ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿ ಮಾಲಿ ಕಾರ್ನ್ಸ್, ಪೆಟ್ರೀಷಿಯಾ ಡಿವೈನ್ ಮತ್ತಿತರರು ನಡೆಸಿದ ಪ್ರಯೋಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪಕ್ಷಪಾತವೆಂದರೆ ಪಾಪವಲ್ಲ, ಚಟ. ಚಟ ಬಿಡಿಸುವ ಹಾಗೆ ಬಿಡಿಸಬೇಕು ಎಂಬುದು ಡಿವೈನ್ ಅವರ ಹಳೆಯ ವಾದ. 92 ವಿಭಾಗಗಳಲ್ಲಿ ಅರ್ಧಕ್ಕೆ ಎರಡೂವರೆ ಗಂಟೆಯ ಕಾರ್ಯಾಗಾರ ನಡೆಸಿದರು, ಉಳಿದವನ್ನು ಹೋಲಿಕೆಗೆ ಇಟ್ಟುಕೊಂಡರು. ಕಾರ್ಯಾಗಾರ ಇಡೀ ವಿಭಾಗಕ್ಕೆ, ಅವರವರ ವಿಭಾಗದಲ್ಲೇ. ಎರಡು ಕೆಲಸ ಮಾಡಬೇಡಿ ಎಂದು ಅಲ್ಲಿ ಹೇಳಿಕೊಡುತ್ತಿದ್ದರು: ಕೆಟ್ಟ ಯೋಚನೆಯನ್ನು ಅದುಮಿಡಬೇಡಿ, ನಾನು ನಿಷ್ಪಕ್ಷಪಾತಿ ಎಂದು ನಿಮಗೆ ನೀವೇ ಹೇಳಿಕೊಳ್ಳಬೇಡಿ. ಎರಡೂ ಚಟವನ್ನು ಹೆಚ್ಚಿಸುತ್ತವೆ.

2015ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿದೆ. ಒಳಮನಸ್ಸಿನ ಒಲವನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಯಲ್ಲಿ ತರಬೇತಾದವರಿಗೂ ಆಗದವರಿಗೂ ವ್ಯತ್ಯಾಸ ಕಾಣಲಿಲ್ಲ. ಮನಸ್ಸು ಇದ್ದ ಹಾಗೇ ಇತ್ತು. ಆದರೆ ತಾನು ಏನಾದರೂ ಮಾಡಬಲ್ಲೆ ಎಂಬ ಧೈರ್ಯ ಮೂರು ತಿಂಗಳ ನಂತರವೂ ಉಳಿದಿತ್ತು. ಯಾವ ವಿಭಾಗದಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ಜನ ಬಂದು ಕೂತಿದ್ದರೋ ಅಲ್ಲಿ, ತಾವು ಸಮಾನತೆಗಾಗಿ ಏನಾದರೂ ಮಾಡುತ್ತಿದ್ದೇವೆ ಎಂದು ಹೇಳುವವರೂ ಹೆಚ್ಚಾದರು. ಇದು ಅವರೇ ಹೇಳಿಕೊಂಡದ್ದು, ಹೊರಗಿನವರು ನೋಡಿ ಬರೆದದ್ದಲ್ಲ ಎಂಬ ಅನುಮಾನವನ್ನು ನಾನೂ ಇಟ್ಟುಕೊಂಡಿದ್ದೇನೆ. ಆದರೂ ಆ ಕಾಲು ಭಾಗದ ಲೆಕ್ಕ ನನಗೆ ಪಾರ್ಡ್ಯೂ ಹಾಕಿದ ಸಹಿಯನ್ನೇ ಹೇಳುತ್ತದೆ. ತಾನು ಕಂಡದ್ದನ್ನು ಪಕ್ಕದ ಕುರ್ಚಿಯವರೂ ಕಂಡಿದ್ದಾರೆ ಎಂದು ಗೊತ್ತಾದರೆ ಬಾಯಿ ಬರುತ್ತದೆ.

ಮಿಷಿಗನ್ ವಿಶ್ವವಿದ್ಯಾಲಯದವರು ಇನ್ನೊಂದು ದಾರಿ ಹಿಡಿದರು. 2002ರ ಹೊತ್ತಿಗೆ ಅಲ್ಲಿ ‘ಸ್ಟ್ರೈಡ್’ ಎಂಬ ಸಮಿತಿ ಆಯಿತು. ಹೊರಗಿನ ತರಬೇತುದಾರರನ್ನು ಕರೆಸಲಿಲ್ಲ. ತಮ್ಮಲ್ಲೇ ಎಲ್ಲರೂ ಗೌರವಿಸುವ ಹಿರಿಯ ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು, ಗಂಡಸರು ಹೆಂಗಸರು ಇಬ್ಬರನ್ನೂ ಆರಿಸಿ, ಮೊದಲು ಈ ವಿಷಯದ ಸಂಶೋಧನೆ ಓದಿ ಬನ್ನಿ ಎಂದರು. ಓದಿ, ತಮ್ಮತಮ್ಮಲ್ಲೇ ಜಗಳವಾಡಿ, ಮನವರಿಕೆಯಾದ ಮೇಲೆ ಅವರು ನೇಮಕಾತಿ ಸಮಿತಿಗಳ ಮುಂದೆ ನಿಂತರು. ಒಬ್ಬ ಭೌತವಿಜ್ಞಾನಿಗೆ ಇನ್ನೊಬ್ಬ ಭೌತವಿಜ್ಞಾನಿಯೇ ಅಂಕಿ ಹಿಡಿದು ಹೇಳಿದಾಗ ಮೂಗು ಮುರಿಯುವುದು ಕಷ್ಟ. ಅದೇ ಕ್ಯಾಂಪಸ್ಸಿನಲ್ಲಿ ಸಿಆರ್‌ಎಲ್‌ಟಿ ಪ್ಲೇಯರ್ಸ್ ಎಂಬ ನಾಟಕ ತಂಡವೂ ಇತ್ತು. ನೇಮಕಾತಿ ಚರ್ಚೆಯ ಒಂದು ಸಭೆಯನ್ನು ಅಧ್ಯಾಪಕರ ಎದುರು ಆಡುವರು. ಆಟ ಮುಗಿದ ಮೇಲೂ ನಟರು ಪಾತ್ರ ಬಿಡದೆ ಕೂತಿರುವರು. ನೀವು ಯಾಕೆ ಅವರ ಮಾತಿಗೆ ಅಡ್ಡ ಬಂದಿರಿ ಎಂದು ಪ್ರೇಕ್ಷಕರು ಪಾತ್ರವನ್ನೇ ಕೇಳಬಹುದು. ಬ್ರೆಜಿಲ್‌ನ ಅಗಸ್ಟೊ ಬೋಲ್ ಬೆಳೆಸಿದ ರಂಗಪದ್ಧತಿಯ ಬಳಗಕ್ಕೆ ಸೇರಿದ್ದು ಇದು. 1975ರಲ್ಲಿ ‘ಸಮುದಾಯ’ ರಂಗತಂಡ ಹುಟ್ಟಿದ, ಬೀದಿನಾಟಕ ಕಂಡ ನಾಡಿನಲ್ಲಿ ಇದನ್ನು ಮಾಡಲು ಯಾರ ಅಪ್ಪಣೆಯೂ ಬೇಡ.

ನಾನು ಒತ್ತಿ ಹೇಳಬೇಕೆಂದಿರುವುದು ಈ ತಾಲೀಮನ್ನು. ಸಭೆಯಲ್ಲಿ ನಡೆದದ್ದು ಸರಿಯಲ್ಲ ಎಂದು ಅನ್ನಿಸುವವರು ಕಡಿಮೆ ಇಲ್ಲ. ಆ ಕ್ಷಣಕ್ಕೆ ಮಾತು ಹೊಳೆಯುವುದಿಲ್ಲ, ರಾತ್ರಿ ಮಲಗುವಾಗ ಹೊಳೆಯುತ್ತದೆ. ಆದ್ದರಿಂದ ಮಾತನ್ನು ಮೊದಲೇ ಬಾಯಿಗೆ ರೂಢಿ ಮಾಡಿಸಬೇಕು, ಅದೂ ನೊಂದವರ ಬಾಯಿಗಲ್ಲ, ಪಕ್ಕದವರ ಬಾಯಿಗೆ. ‘ಇದನ್ನು ಆಗಲೇ ಮೇಡಂ ಹೇಳಿದ್ರಲ್ಲ ಸಾರ್, ಅವರೇ ಮುಂದುವರಿಸಲಿ.’ ‘ಈ ಸಲ ಮಿನಿಟ್ಸ್ ನಾನು ಬರೀತೀನಿ, ಕೊಡಿ.’ ‘ಮನೆದೇವರ ವಿಷಯ ಈಗ್ಯಾಕೆ, ಅವರ ಪಿಎಚ್‌ಡಿ ವಿಷಯ ಕೇಳೋಣ.’ ಯಾರ ಮುಖಕ್ಕೂ ಹೊಡೆಯದ, ಯಾರ ಮರ್ಯಾದೆಯೂ ಹೋಗದ ಮಾತುಗಳು. ಇವನ್ನು ಇಪ್ಪತ್ತು ಜನ ಎದ್ದು ನಿಂತು ಗಟ್ಟಿಯಾಗಿ ಆಡಿ ನೋಡಬೇಕು. ಮೊದಲು ನಗು ಬರುತ್ತದೆ, ಬರಲಿ.

ಸಂದರ್ಶನ ಸಮಿತಿಗಳ ಬಗ್ಗೆ ಒಂದು ಮಾತು. ಎರಿಕ್ ಉಲ್ಮನ್, ಜೆಫ್ರಿ ಕೋಹೆನ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಪೊಲೀಸ್ ಮುಖ್ಯಸ್ಥರ ಹುದ್ದೆಗೆ ಗಂಡು ಹೆಣ್ಣು ಇಬ್ಬರು ಅಭ್ಯರ್ಥಿಗಳು. ಒಬ್ಬರಿಗೆ ಓದು, ಇನ್ನೊಬ್ಬರಿಗೆ ಬೀದಿಯ ಅನುಭವ. ಗಂಡಸಿಗೆ ಓದು ಇದ್ದಾಗ ಈ ಹುದ್ದೆಗೆ ಓದೇ ಮುಖ್ಯ ಎನ್ನಿಸಿತು. ಓದು ಹೆಣ್ಣಿನ ಪಾಲಿಗೆ ಹೋದಾಗ ಅದರ ಬೆಲೆ ಇಳಿಯಿತು. ಯಾವುದು ಮುಖ್ಯ ಎಂದು ಅರ್ಜಿ ನೋಡುವ ಮೊದಲೇ ಬರೆದುಕೊಡಿ ಎಂದಾಗ ಮಾತ್ರ ತಾರತಮ್ಯ ಮಾಯವಾಯಿತು. ನಮ್ಮ ಆಯ್ಕೆ ಸಮಿತಿಗಳಲ್ಲಿ ಪ್ರಬಂಧವಿದ್ದವರಿಗೆ ‘ಪಾಠ ಸಾಲದು’, ಪಾಠ ಚೆನ್ನಾಗಿದ್ದವರಿಗೆ ‘ಪ್ರಬಂಧ ಸಾಲದು’ ಎಂದು ಕೊನೆಗೆ ಮೀಸಲು ಹುದ್ದೆಯೆದುರು ‘ನಾಟ್ ಫೌಂಡ್ ಸೂಟಬಲ್’ ಎಂದು ಬರೆಯುವುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಇದೆಲ್ಲದಕ್ಕೂ ಈಗ ಹಿಂಬಡಿತ ಬಂದಿದೆ ಎಂದು ನೀವು ಹೇಳಬಹುದು. ಹೌದು, 2025ರ ಮಾರ್ಚ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯವೇ ತನ್ನ ವೈವಿಧ್ಯ, ಸಮತೆಗಳ ಕೇಂದ್ರ ಕಚೇರಿಯನ್ನು ಮುಚ್ಚಿತು. ಅದಕ್ಕೆ ರಾಜಕೀಯವೇ ದೊಡ್ಡ ಕಾರಣ. ಆದರೂ ಅಲ್ಲಿನ ವಿರೋಧಿಗಳ ಒಂದು ಆಕ್ಷೇಪವನ್ನು ತಳ್ಳಿಹಾಕಲಾರೆ: ಎಷ್ಟೋ ಕಡೆ ತರಬೇತಿ ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಟಿಕ್ ಹಾಕುವ ಶಾಸ್ತ್ರವಾಗಿತ್ತು. ನಮ್ಮಲ್ಲಿ ಅದು ಶುರುವಾಗುವ ಮುಂಚೆಯೇ ಶಾಸ್ತ್ರವಾಗುವ ಎಲ್ಲ ಲಕ್ಷಣಗಳೂ ಇವೆ. ಬ್ರಿಟನ್ನಿನ ಅಥೀನಾ ಸ್ವಾನ್ ಮಾದರಿಯಲ್ಲಿ ಕೇಂದ್ರದ ವಿಜ್ಞಾನ ತಂತ್ರಜ್ಞಾನ ಇಲಾಖೆ 2020ರಲ್ಲಿ ‘ಗತಿ’ ಎಂಬ ಯೋಜನೆ ತಂದಿತು. ಸಂಸ್ಥೆಗಳು ತಮ್ಮನ್ನು ತಾವೇ ಅಳೆದುಕೊಳ್ಳಬೇಕೆಂಬುದು ಅದರ ತಿರುಳು. ಆ ತಿರುಳು ನಮ್ಮ ಪದವಿ ಕಾಲೇಜುಗಳಿಗೆ ಬರಬೇಕಾದರೆ ದೆಹಲಿಯ ಸುತ್ತೋಲೆ ಕಾಯಬೇಕಾಗಿಲ್ಲ.

ಈ ಉಪನ್ಯಾಸಕ್ಕೆ ಒಪ್ಪಿಕೊಂಡಾಗ ಕುಲಸಚಿವರಲ್ಲಿ ಒಂದು ಕೇಳಿಕೆ ಇಟ್ಟಿದ್ದೆ. ಕಳೆದ ಹತ್ತು ವರ್ಷದಲ್ಲಿ ಈ ವಿಶ್ವವಿದ್ಯಾಲಯದ ಯಾವ ಸಮಿತಿಗೆ ಯಾರನ್ನು ಹಾಕಲಾಯಿತು ಎಂಬ ಕಡತಗಳನ್ನು ತೆಗೆಸಿಕೊಡಿ ಎಂದು. ಖರೀದಿ ಸಮಿತಿ, ಕಟ್ಟಡ ಸಮಿತಿ, ಪರೀಕ್ಷಾ ಮಂಡಳಿಯಲ್ಲಿ ಯಾರು. ಸ್ವಾಗತ, ಅಲಂಕಾರ, ಊಟದ ಸಮಿತಿಯಲ್ಲಿ ಯಾರು. ಅತಿಥಿ ಉಪನ್ಯಾಸಕರನ್ನು ಯಾವುದಕ್ಕಾದರೂ ಕರೆದದ್ದುಂಟೇ. ಹಿರಿತನ ಇದ್ದೂ ವಿಭಾಗದ ಮುಖ್ಯಸ್ಥರಾಗದೆ ನಿವೃತ್ತರಾದವರು ಯಾವ ಜಾತಿಯವರು. ಒಪ್ಪಿದ್ದಾರೆ, ಅವರಿಗೆ ಕೃತಜ್ಞತೆ. ಕೂತು ಎಣಿಸಲು ಒಂದು ಸಣ್ಣ ತಂಡ ಬೇಕು. ಹೊರಗೆ ಪುಸ್ತಕದ ಮೇಜಿನ ಪಕ್ಕ ಒಂದು ಹಾಳೆ ಇಟ್ಟಿದ್ದಾರೆ, ಹೆಸರು ಬರೆಯಬಹುದು. ಈಗಾಗಲೇ ನಾಲ್ಕು ಅಧ್ಯಾಪಕಿಯರ ಹೆಸರಿದೆ. ಇನ್ನು ಗಂಡಸರು ಬರೆಯಲಿ, ಅದರಲ್ಲೂ ವಿಭಾಗದ ಮುಖ್ಯಸ್ಥರು.